ಅಳಿಯನ ತಟ್ಟೆಯಲ್ಲಿ ಕುದುರೆ ಡಬ್ಬಿ

ಮೊದಲ ದೀಪಾವಳಿಗೆ ಅಳಿಯನಿಗೆ ಕೊಡುವ ತಟ್ಟೆಯಲ್ಲಿ ರೇಷ್ಮೆ ಪಂಚೆ, ಶಲ್ಯ, ತೆಂಗಿನಕಾಯಿ, ಎಲೆ ಅಡಿಕೆ ಇರುತ್ತೆ. ನನ್ನ ತಟ್ಟೆಯಲ್ಲಿ ಇವುಗಳ ಜೊತೆ ಒಂದು ಡಬ್ಬಿನೂ ಇತ್ತು.

ಡಬ್ಬಿ ಮೇಲೆ ಮುಂಗಾಲೆತ್ತಿ ನಿಂತ ಕುದುರೆ. ಕೆಳಗೆ ದಪ್ಪ ಅಕ್ಷರದಲ್ಲಿ, ಗಂಡಸರಿಗೆ ಮಾತ್ರ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಮಾವನ ಮನೆ ಮತ್ತಿಕೆರೆಯಲ್ಲಿ. ಅವರು ಸೈಟ್ ವ್ಯವಹಾರದವರು, ಮೀಸೆ ಮೇಲೆ ಕೈಯಿಟ್ಟೇ ಮಾತಾಡುವವರು. ನಾನು ಚಾಮರಾಜಪೇಟೆಯವನು, ಶೇಷಾದ್ರಿಪುರಂನ ಒಂದು ಸ್ಕೂಲಲ್ಲಿ ಒಂದನೇ ಕ್ಲಾಸಿನ ಮೇಷ್ಟ್ರು. ಚಿಕ್ಕ ಮಕ್ಕಳ ಮೂಗು ಒರೆಸೋದೂ ಒಂದು ಕೆಲಸವಾ ಅನ್ನೋದು ಅವರಿಗೆ ಮೊದಲಿಂದ ಇದ್ದ ಪ್ರಶ್ನೆ.

ಆ ಬೆಳಗ್ಗೆ ಎಣ್ಣೆ ಸ್ನಾನ ಮುಗಿಸಿ, ಗಾಂಧಿ ಬಜಾರಿಂದ ನಾನೇ ತಂದಿದ್ದ ಬಿಡಿ ಸೇವಂತಿಗೆಯನ್ನ ಹೆಂಗಸರ ಜೊತೆ ಕೂತು ಕಟ್ಟುತ್ತಿದ್ದೆ. ಅಮ್ಮ ಕಲಿಸಿದ್ದು. ನಾನು ಕಟ್ಟಿದರೆ ಮಾಲೆ ಒತ್ತಾಗಿ ಬರುತ್ತೆ.

ಮಾವ ನೋಡಿದರು. ಒಳಗೆ ಹೋದವರು ಒಂದೇ ನಿಮಿಷಕ್ಕೆ ಡಬ್ಬಿ ಹಿಡಿದು ಬಂದು ತಟ್ಟೆಯಲ್ಲಿಟ್ಟರು.

"ರಾತ್ರಿ ಹಾಲಿಗೆ ಒಂದು ಚಮಚ ಹಾಕ್ಕೊಳಿ ಅಳಿಯಂದ್ರೆ. ಹಾರ್ಮೋನ್ ಕಮ್ಮಿ ಇದ್ರೆ ಹಿಂಗೇ ಹೂ ಕಟ್ಕೊಂಡ್ ಕೂರೋ ಹಂಗಾಗುತ್ತೆ."

ಎಲ್ಲರೂ ನಕ್ಕರು. ನನ್ನ ಹೆಂಡತಿ ರೂಪಾನೂ ನಕ್ಕಳು. ಅದು ಇವತ್ತಿಗೂ ನೋಯುತ್ತೆ.

ಹಬ್ಬದ ತಟ್ಟೆ ಬೇಡ ಅನ್ನೋ ಹಾಗಿಲ್ಲ. ಕಣ್ಣಿಗೊತ್ತಿಕೊಂಡು ತಗೊಂಡೆ. ಮನೆಗೆ ಬಂದು ಪುಡಿಯನ್ನ ಸಿಂಕಿಗೆ ಸುರಿದೆ. ಡಬ್ಬಿ ಗಟ್ಟಿಯಾಗಿತ್ತು, ಸಾಸಿವೆ ತುಂಬಿಟ್ಟೆ.

ಹಬ್ಬದ ದಿನ, ಅಂಗಡಿ ತೆಗೆಯೋ ಮುಂಚೆ, ಒಂದು ನಿಮಿಷದಲ್ಲಿ ಡಬ್ಬಿ ಎಲ್ಲಿಂದ ಬಂತು ಅಂತ ನನಗೆ ಆಗ ಹೊಳೆಯಲೇ ಇಲ್ಲ...

ಹೋದ ವರ್ಷ ಮಾವನಿಗೆ ಜಾಂಡೀಸ್ ಆಯ್ತು. ಕಣ್ಣು ಅರಿಶಿನ, ಮೈಯೆಲ್ಲ ನವೆ, ಅನ್ನ ಕಂಡರೆ ವಾಕರಿಕೆ. ಆಸ್ಪತ್ರೆಗೆ ಸೇರಿಸಿದೆವು.

ಲಿವರ್ ಹಾಳಾಗುತ್ತಿದೆ, ಕಾರಣ ಗೊತ್ತಾಗುತ್ತಿಲ್ಲ. ಮಾಡಿದ ಟೆಸ್ಟೆಲ್ಲ ನೆಗೆಟಿವ್. ಡಾಕ್ಟರಮ್ಮ ಬಂದಾಗಲೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದರು, ಕುಡೀತೀರಾ, ನಾಟಿ ಔಷಧಿ ಏನಾದರೂ ತಗೊಳ್ತೀರಾ. ಮಾವ ಎಲ್ಲದಕ್ಕೂ ಇಲ್ಲ ಅನ್ನುತ್ತಿದ್ದರು. ಮೀಸೆ ತಿರುವುವ ಶಕ್ತಿ ಇರಲಿಲ್ಲ, ಆದರೂ ಕೈ ಅಲ್ಲಿಗೇ ಹೋಗುತ್ತಿತ್ತು.

ಅವರಿಗೆ ಬಟ್ಟೆ ತರೋಕೆ ಮತ್ತಿಕೆರೆಗೆ ಹೋದೆ. ಬೀರುವಲ್ಲಿ ಪಂಚೆ ಎಳೆದರೆ ಅದರ ಹಿಂದೆ ಸಾಲಾಗಿ ಕುದುರೆಗಳು. ನನ್ನ ಮನೆಯ ಸಾಸಿವೆ ಡಬ್ಬಿಯ ಅಣ್ಣತಮ್ಮಂದಿರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ದಿನಾ ನಾನೇ ಹಾಲಿಗೆ ಕದಡಿ ಕೊಡೋದು. ಯಾರಿಗೂ ಹೇಳಕೂಡದು ಅಂತ ದೇವರ ಮೇಲೆ ಆಣೆ ಹಾಕಿಸ್ಕೊಂಡಿದಾರೆ ಕಣಪ್ಪಾ."

ಆಸ್ಪತ್ರೆಗೆ ಬಂದು ಮಾವನನ್ನೇ ಕೇಳಿದೆ. ಅವರು ಗೋಡೆ ಕಡೆ ತಿರುಗಿದರು.

"ಆ ಡಾಕ್ಟರ್ ಹೆಣ್ಮಗಳ ಮುಂದೆ ಹೇಳ್ಬೇಡಿ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ನಗ್ತಾರೆ. ಸತ್ರೆ ಸಾಯ್ತೀನಿ, ಬಿಡಿ."

ಪ್ರಾಮಾಣಿಕವಾಗಿ ಹೇಳ್ತೀನಿ, ನನಗೆ ಮೊದಲು ಬಂದಿದ್ದು ಕನಿಕರ ಅಲ್ಲ, ಸಿಟ್ಟು. ನನ್ನನ್ನ ಇಡೀ ಮನೆ ಮುಂದೆ ನಗೆಪಾಟಲು ಮಾಡಿದ ಮನುಷ್ಯ ತಾನೇ ಕದ್ದು ಹಾಲು ಕುಡಿಯುತ್ತಿದ್ದ. ಆಮೇಲೆ ಅವರ ಹಳದಿ ಪಾದ ನೋಡಿದೆ, ಸಿಟ್ಟು ಇಳಿಯಿತು.

ಕಾರಿಡಾರಲ್ಲಿ ರೂಪಾಗೆ ಎಲ್ಲ ಹೇಳಿದೆ. "ಹೋಗಿ ಹೇಳ್ರಿ" ಅಂದಳು. ಬೀರುವಿನ ಡಬ್ಬಿ ತಂದಿರಲಿಲ್ಲ, ಮತ್ತಿಕೆರೆಗಿಂತ ನಮ್ಮ ಮನೆಯೇ ಹತ್ತಿರ ಅಂತ ನಾನು ಚಾಮರಾಜಪೇಟೆಗೆ ಓಡಿ ಸಾಸಿವೆ ಡಬ್ಬಿ ತಂದು ಡಾಕ್ಟರಮ್ಮನ ಟೇಬಲ್ ಮೇಲಿಟ್ಟೆ.

ಅವರು ನಗಲಿಲ್ಲ. ಲೇಬಲ್ ಓದಿದರು, ಇಂಥ ಪುಡಿಗಳಿಂದ ಲಿವರ್ ಕೆಟ್ಟು ಬರೋರನ್ನ ನೋಡ್ತಾನೇ ಇದೀವಿ ಅಂದರು, ಮೊದಲು ಅದನ್ನ ನಿಲ್ಲಿಸಿ ಅಂದರು. ನಿಲ್ಲಿಸಿದ ಮೇಲೆ ನಿಧಾನಕ್ಕೆ ಕಣ್ಣು ಬೆಳ್ಳಗಾಯಿತು. ಮಾವ ನಡೆದುಕೊಂಡು ಮನೆಗೆ ಬಂದರು.

ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಂಧುಗಳಿಗೆಲ್ಲ ಹೇಳಿಕೊಂಡು ಬಂದಿದ್ದು ಒಂದೇ, ದೊಡ್ಡ ಅಳಿಯನ ಬಾಯಲ್ಲಿ ಮಾತು ನಿಲ್ಲಲ್ಲ, ಹೆಂಗಸರ ಥರ. ಯಾವ ಮಾತು ಅಂತ ಮಾತ್ರ ಹೇಳಲ್ಲ. ರೂಪಾ ಅಪ್ಪನ ಎದುರು ತುಟಿ ಬಿಚ್ಚಲಿಲ್ಲ.

ಉಪಕಾರಕ್ಕೆ ಹೋಗಿ ಅಪವಾದ ಹೊತ್ತುಕೊಂಡೆ. ಇರಲಿ, ಮನುಷ್ಯ ಬದುಕಿದನಲ್ಲ ಅಂದುಕೊಂಡಿದ್ದೆ.

ಮೊನ್ನೆ ನಾದಿನಿಯ ಗಂಡನಿಗೆ ಮೊದಲ ದೀಪಾವಳಿ. ಅತ್ತೆ ಫೋನ್ ಮಾಡಿ ಕರೆದರು, ಹೋದೆವು. ನನ್ನ ಷಡ್ಡಕ ಕಿರಣ್ ಒಳ್ಳೇ ಹುಡುಗ, ಸ್ವಲ್ಪ ಮೆತ್ತಗೆ ಮಾತಾಡ್ತಾನೆ. ಅದೇ ಅವನ ತಪ್ಪಿರಬೇಕು.

ತಟ್ಟೆ ಬಂತು. ಪಂಚೆ, ಶಲ್ಯ, ತೆಂಗಿನಕಾಯಿ, ಎಲೆ ಅಡಿಕೆ... ಪಕ್ಕದಲ್ಲಿ ಒಂದು ಡಬ್ಬಿ.

ಈ ಸಲ ಕುದುರೆ ಅಲ್ಲ, ಸಿಂಹ.

ಕಿರಣ್ ಕಣ್ಣಿಗೊತ್ತಿಕೊಂಡು ತಗೊಂಡ. ಎಲ್ಲರೂ ನಕ್ಕರು. ಅತ್ತೆ ನನ್ನ ಮುಖ ನೋಡಿ, ತಕ್ಷಣ ಕಜ್ಜಾಯದ ತಟ್ಟೆ ತರೋಕೆ ಒಳಗೆ ಹೋದರು.

ಊಟ ಆದಮೇಲೆ ಕೈ ತೊಳೆಯುವ ಹತ್ತಿರ ಅವನನ್ನ ನಿಲ್ಲಿಸಿ ಎಲ್ಲ ಹೇಳಿದೆ. ಆಸ್ಪತ್ರೆ, ಬೀರು, ಹಾಲು, ಹಳದಿ ಪಾದ, ಏನೂ ಬಿಡದೆ.

ಅವನು ಟವೆಲಲ್ಲಿ ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ನಕ್ಕ. "ಅಣ್ಣ, ನೀವು ಹಿಂಗೇ ಏನಾದ್ರೂ ಹೇಳ್ತೀರಾ ಅಂತ ಮಾವ ಮೊದ್ಲೇ ಹೇಳಿದ್ರು."

ನಾದಿನಿ ಈಗ ದಿನಾ ಹಾಲು ಕದಡುತ್ತಿದ್ದಾಳಂತೆ. ರೂಪಾ ಬೆಳಗ್ಗೆ ಹೇಳಿದಳು.

ನನ್ನ ಮಾತಂತೂ ಅಲ್ಲಿ ನಡೆಯಲ್ಲ. ನಿಮ್ಮಲ್ಲಿ ಗಂಡಸು ಅನ್ನಿಸಿಕೊಂಡವರು ಯಾರಾದರೂ ಇದ್ದರೆ, ದಯವಿಟ್ಟು ಆ ಹುಡುಗನಿಗೆ ಒಂದು ಮಾತು ಹೇಳ್ತೀರಾ?