ಮೀಟಿಂಗ್ ಶುರುವಾಗುವ ಮೊದಲು

ರಾಜಗೋಪಾಲನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯೊಂದರ ಮಹಡಿಯ ಮೇಲೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿದ ಹೆಂಗಸರು. ಓದಿಸಿದರೆ ಓದುತ್ತಾರೆ, ಬರೆಸಿದರೆ ನನಗಿಂತ ದುಂಡಗೆ ಬರೆಯುತ್ತಾರೆ. ಫೋನಿನಲ್ಲಿ ಯಾರಾದರೂ ಇಂಗ್ಲಿಷ್ ಮಾತಾಡಿದರೆ ಮಾತ್ರ ಫೋನನ್ನೇ ಪಕ್ಕದವಳ ಕೈಗೆ ದಾಟಿಸಿಬಿಡುತ್ತಾರೆ.

ಅವರಲ್ಲೊಬ್ಬಳು ಕೊಪ್ಪಳದ ಕಡೆಯವಳು. ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತು ನಿಂತು ಅವಳ ಕಾಲಿನ ನರಗಳು ಉಬ್ಬಿಕೊಂಡಿದ್ದವು. ಕಾರ್ಖಾನೆಯಿಂದ ಮಾಲು ಕಳಿಸುವ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕೆಲಸ. ಪುಣೆಯ ಹೆಡ್ ಆಫೀಸಿನ ಸಾಹೇಬರು ಫೋನಿನಲ್ಲಿ ಇಂಗ್ಲಿಷ್ ಮಾತಾಡಿಸಿ ನೋಡಿ ಆಮೇಲೆ ಹೇಳುತ್ತಾರಂತೆ.

“ನನಗ ಇಂಗ್ಲಿಷ್ ಏನ್ ಬೇಕಾಗಿಲ್ರಿ ಮೇಡಂ,” ಎಂದಳು. “ಅಲ್ಲೊಂದು ಕುರ್ಚಿ ಐತ್ರಿ. ಅದು ಬೇಕ್ರಿ.”

ಕುರ್ಚಿಯ ಆಸೆ ಯಾರಿಗಿಲ್ಲ? ಆದರೆ ಇಷ್ಟು ನೇರವಾಗಿ ಕೇಳಿದವರನ್ನು ನಾನು ಕಂಡಿರಲಿಲ್ಲ. ಕೊಡಿಸಲೇಬೇಕು ಎಂದು ಹಟ ಹುಟ್ಟಿತು.

ಅಲ್ಲಿಂದ ಶುರುವಾಯಿತು, ಕಿವಿಗೆ ಪಾಠ ಹುಡುಕುವ ನನ್ನ ಅಲೆದಾಟ. ಪುಸ್ತಕದ ಜೊತೆ ಬಂದ ಆಡಿಯೊದಲ್ಲಿ ಒಬ್ಬ ಗಂಡಸು ಹವಾಮಾನದ ಬಗ್ಗೆ ಹೇಳುತ್ತಾನೆ, ಒಬ್ಬ ಹೆಂಗಸು ಕಳೆದುಹೋದ ಛತ್ರಿಯ ಬಗ್ಗೆ ಹೇಳುತ್ತಾಳೆ, ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಥ್ಯಾಂಕ್ಯೂ ಹೇಳಿಕೊಳ್ಳುತ್ತಾರೆ. ಏನು ತಿಳಿಯಿತು ಎಂದು ಕೇಳಿದೆ. ಹಿಂದಿನ ಸಾಲಿನಿಂದ ಉತ್ತರ ಬಂತು: “ಅವ್ರಿಬ್ರಿಗೂ ಏನೂ ಕೆಲ್ಸ ಇಲ್ಲ ಮೇಡಂ.”

ಅರ್ಧ ಅಂಕ ಕೊಡಬಹುದಾದ ಉತ್ತರ. ಅದೂ ಅವರು ಕಿವಿಯಿಂದ ಕೇಳಿದ್ದಲ್ಲ. ಮಷೀನಿನ ಗದ್ದಲದಲ್ಲಿ ಎದುರಿನವರ ಮುಖ, ಕೈ ನೋಡಿಯೇ ಮಾತು ಹಿಡಿಯುವ ರೂಢಿ ಅವರದು. ಆಡಿಯೊ ಹಾಕಿದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದರು. ನನ್ನ ಮುಖದ ಮೇಲೆ ಆ ಛತ್ರಿಯ ಬಗ್ಗೆ ಇದ್ದ ಬೇಸರವನ್ನು ಓದಿ ಉತ್ತರ ಹೇಳಿದ್ದರು.

ಸರಿ, ನಮ್ಮ ಕಡೆಯವರ ಇಂಗ್ಲಿಷೇ ಆಗಲಿ ಎಂದುಕೊಂಡೆ. ನಾವಿರುವ ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ, ಹುಬ್ಬಳ್ಳಿ ಕಡೆಯ ನಮ್ಮವರೇ ಬಹಳ. ಲಿಫ್ಟಿನೊಳಗೆ ಎಲ್ಲರೂ ಫೋನಿನಲ್ಲಿ ಚೆಂದದ ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ. ಅದನ್ನೇ ರೆಕಾರ್ಡಿಗೆಂದು ನನ್ನ ಮೊಬೈಲಿನ ಮುಂದೆ ಆಡಿ ಎಂದರೆ ಕಥೆಯೇ ಬೇರೆಯಾಯಿತು. ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, “ಗುಡ್ ಈವ್ನಿಂಗ್ ಟು ಒನ್ ಅಂಡ್ ಆಲ್ ಗ್ಯಾದರ್ಡ್ ಹಿಯರ್” ಎಂದು ಶುರುಮಾಡಿದರು. ಅಲ್ಲಿ ನೆರೆದಿದ್ದವಳು ನಾನೊಬ್ಬಳೇ. ಅವರ ಹೆಂಡತಿ ವಂದನಾರ್ಪಣೆ ಮಾಡಿದರು.

ನಮ್ಮ ಜನಕ್ಕೆ ಮೈಕು ಕಂಡರೆ ವೇದಿಕೆಯೂ ಕಾಣುತ್ತದೆ. ಬೇರೇನೂ ಸಿಗದೆ ಅದನ್ನೇ ಕೇಳಿಸಿದೆ. ಹೆಂಗಸರು ಅಚ್ಚುಕಟ್ಟಾಗಿ ಕಲಿತುಬಿಟ್ಟರು. ಮರುದಿನ ಕೊಪ್ಪಳದವಳ ಫೋನು ಬಂದಾಗ, ಎಲ್ಲರ ಮುಂದೆ, “ಗುಡ್ ಈವ್ನಿಂಗ್ ಟು ಒನ್ ಅಂಡ್ ಆಲ್” ಎಂದು ಎತ್ತಿದಳು. ಆ ಕಡೆ ಇದ್ದ ಕೊರಿಯರ್‌ನವನು ಮಾತಾಡದೆ ಇಟ್ಟುಬಿಟ್ಟ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಪುಣೆಯವರೂ ಹೀಗೇ ಇಟ್ಟುಬಿಟ್ಟರೆ ಎಂಬ ಭಯ ಅವಳ ಮುಖದ ಮೇಲಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಉಳಿದದ್ದು ನನ್ನ ಗಂಡ. ಮನೆಯಲ್ಲೇ ಕೂತು ದಿನವಿಡೀ ಇಂಗ್ಲಿಷಿನಲ್ಲಿ ಮೀಟಿಂಗ್ ಮಾಡುವ ಮನುಷ್ಯ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ. ಒಂದು ಕಾಲ್ ರೆಕಾರ್ಡ್ ಮಾಡಿಕೊಳ್ಳಲೇ ಎಂದರೆ ಕಂಪನಿಯ ತಿಜೋರಿಯ ಬೀಗದ ಕೈ ಕೇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಎಲ್ಲಾ ಕಾನ್ಫಿಡೆನ್ಶಿಯಲ್ ಕಣೇ. ಕೆಲ್ಸ ಹೋಗುತ್ತೆ.”

ಎರಡು ದಿನ ನಾನು ಮಾತು ಬಿಟ್ಟೆ. ಮೂರನೇ ದಿನ ಅವರೇ ಜೊತೆಯವರನ್ನೂ ಒಪ್ಪಿಸಿಕೊಂಡು ಬಂದು ರಾಜಿ ಮಾಡಿಕೊಂಡರು. “ಮೀಟಿಂಗ್ ಶುರುವಾಗೋಕ್ಕಿಂತ ಮುಂಚೆ ಎಷ್ಟ್ ಬೇಕಾದ್ರೂ ರೆಕಾರ್ಡ್ ಮಾಡ್ಕೋ. ಆವಾಗ ಯಾರೂ ಏನೂ ಹೇಳಿರಲ್ಲ.”

ನಿಜಕ್ಕೂ ಯಾರೂ ಏನೂ ಹೇಳಿರಲಿಲ್ಲ. ನಾನು ಕೇಳಿಸುತ್ತಿದ್ದೀನಾ, ನೀವು ಮ್ಯೂಟಿನಲ್ಲಿದ್ದೀರಿ, ನಿಮ್ಮ ದನಿ ಒಡೆಯುತ್ತಿದೆ, ಇನ್ನೊಮ್ಮೆ ಹೇಳಿ, ಬಾಕಿಯವರು ಬರಲಿ ತಡೆಯೋಣ. ಇಷ್ಟೇ. ನಡುವೆ ನಮ್ಮತ್ತೆಯ ಪೂಜೆಯ ಗಂಟೆ, ಆಮೇಲೆ “ಅಕ್ಕಿ ನೆನೀಲಿಕ್ಕೆ ಹಾಕ್ಲೇನು?” ಎಂಬ ಅವರ ಪ್ರಶ್ನೆ. ತರಗತಿಯಲ್ಲಿ ಮೊದಲ ಸಲ ಎಲ್ಲರೂ ನನ್ನ ಮುಖ ಬಿಟ್ಟು ಸ್ಪೀಕರಿನ ಕಡೆ ಬಾಗಿದರು. ಮೀಟಿಂಗಿಗೆ ಕೊನೆಗೆ ಬಂದವರು ಯಾರು ಎಂದು ಕೇಳಿದರೆ, “ನಿಮ್ಮತ್ತೆ” ಎಂದು ಒಕ್ಕೊರಲಿನ ಉತ್ತರ. ಪೂರ್ತಿ ಅಂಕ.

ಕೊಪ್ಪಳದವಳು ಮಾತ್ರ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡಳು: ಯುವರ್ ವಾಯ್ಸ್ ಈಸ್ ಬ್ರೇಕಿಂಗ್.

“ಅಂದ್ರ ನಮಗ ತಿಳೀಲಿಲ್ಲಂದ್ರ ನಮ್ಮ ತಪ್ಪಲ್ಲೇನ್ರಿ?”

“ಅಲ್ಲ, ನೆಟ್‌ವರ್ಕಿಂದು.”

“ದೊಡ್ಡ ಸಾಹೇಬ್ರೂ ಹಿಂಗ ಅಂತಾರೇನ್ರಿ?”

“ದಿನಾ ಅಂತಾರೆ.”

“ಇದನ್ನ ಮೊದ್ಲ ಹೇಳಬಾರದೇನ್ರಿ ಮತ್ತ,” ಎಂದು ನನ್ನನ್ನೇ ಗದರಿದಳು.

ಪುಣೆಯವರು ನಾಳೆ, ನಾಡಿದ್ದು ಎಂದು ಮುಂದೂಡುತ್ತಾ ಬಂದು, ಒಂದು ಸಂಜೆ ಪಾಠದ ನಡುವೆಯೇ ಫೋನ್ ಮಾಡಿದರು. ಗಡಿಬಿಡಿಯಲ್ಲಿ ಅವಳು ಸ್ಪೀಕರ್ ಒತ್ತಿಬಿಟ್ಟಳು. ಕೆಳಗಿನ ಅಂಗಡಿಯವನಿಗೆ ಮೋಟಾರ್ ನಿಲ್ಲಿಸು ಎಂದು ಯಾರೋ ಕೂಗಿ ಹೇಳಿದರು. ಸಾಹೇಬರು ಒಂದೇ ಉಸಿರಿನಲ್ಲಿ ಉದ್ದದ ಪ್ರಶ್ನೆ ಕೇಳಿದರು. ಮಾಲು ಬಂದಿಲ್ಲವೆಂದು ಗಿರಾಕಿ ಕೂಗಾಡಿದರೆ ಏನು ಮಾಡುತ್ತೀಯ ಎಂಬುದು ಅದರ ತಿರುಳು. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ನನ್ನ ಮುಖ ನೋಡಿದಳು. ನಾನು ಕೈಬಾಯಿ ಆಡಿಸಿ ಹೇಳಿಕೊಡಲು ಹೊರಟಿದ್ದೆ. ಅವಳು ಪಟ್ಟನೆ ನನಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿದಳು.

“ಸಾರಿ ಸರ್. ಯುವರ್ ವಾಯ್ಸ್ ಈಸ್ ಬ್ರೇಕಿಂಗ್. ಪ್ಲೀಸ್ ರಿಪೀಟ್ ಸ್ಲೋಲಿ.”

ಅವರ ದನಿ ಗಂಟೆ ಹೊಡೆದಷ್ಟು ಸ್ಪಷ್ಟವಾಗಿತ್ತು. ಆದರೂ ಪಾಪ, ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ಕಿಟಕಿ ತೆಗೆದ ಸದ್ದಾಯಿತು. ಸಾರಿ ಸಾರಿ ಎಂದು, ಮಗುವಿಗೆ ಹೇಳಿದಂತೆ ಒಂದೊಂದೇ ಮಾತು ಬಿಡಿಸಿ ಮತ್ತೆ ಕೇಳಿದರು.

“ಐ ಸೇ ಸಾರಿ ಸರ್. ಐ ಟೇಕ್ ನಂಬರ್. ಐ ಚೆಕ್. ಐ ಕಾಲ್ ಬ್ಯಾಕ್.” ಆಮೇಲೆ “ಆ್ಯಮ್ ಐ ಆಡಿಬಲ್ ಸರ್?” ಎಂದು ಸೇರಿಸಿದಳು.

“ವೆರಿ ಆಡಿಬಲ್,” ಎಂದರು ಪುಣೆಯವರು.

ಗಂಡನಿಗೆ ಇದನ್ನೆಲ್ಲ ಹೇಳಿದರೆ, ಹದಿನೈದು ವರ್ಷದಲ್ಲಿ ತಮ್ಮ ಮೀಟಿಂಗಿನಿಂದ ಒಬ್ಬರಿಗಾದರೂ ಉಪಯೋಗವಾದದ್ದು ಇದೇ ಮೊದಲು ಎಂದು ಹಿಗ್ಗಿದರು.

ಮುಂದಿನ ತಿಂಗಳು ಒಂದು ಮಧ್ಯಾಹ್ನ ಅವಳ ಫೋನು ಬಂತು. ಹಲೋ ಮೇಡಂ, ಗುಡ್ ಆಫ್ಟರ್‌ನೂನ್, ಎಲ್ಲ ಇಂಗ್ಲಿಷಿನಲ್ಲೇ ಆಯಿತು. ನಾನೂ ಮೇಷ್ಟರ ಗತ್ತಿನಲ್ಲಿ, ಏನು ಮಾಡುತ್ತಿದ್ದೀಯ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಆ ಕಡೆ ಕುರ್ಚಿ ಕಿರುಗುಟ್ಟಿದ ಸದ್ದಾಯಿತು.

“ಕುಂತ ಮಾತಾಡಾಕತ್ತೀನ್ರಿ ಮೇಡಂ,” ಎಂದಳು.