ತುಟಿ ಮುಚ್ಚಿ ಎಣಿಸುವವರು

ಬಸ್ಸಿನಲ್ಲಿ ತಲೆ ಎಣಿಸಿದೆ. ಒಂದು ಕಡಿಮೆ. ಮತ್ತೆ ಎಣಿಸಿದೆ. ಆಗಲೂ ಒಂದು ಕಡಿಮೆ.

ಕಳೆದ ಶನಿವಾರದ ಮಾತು. ವಲಸೆ ಮತ್ತು ಗಡಿನಾಡಿನ ಬದುಕು ತಿಳಿಯಲೆಂದು ಚಿಕ್ಕೋಡಿಯ ನಮ್ಮ ಕಾಲೇಜಿನ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ನಿಪ್ಪಾಣಿಗೆ ಕರೆದೊಯ್ದಿದ್ದೆ. ಬೇಡ ಎಂದವರೇ ಹೆಚ್ಚು. ಹಿಂದಿನ ವಾರವಷ್ಟೇ ಗಡಿ ಗಲಾಟೆಗೆ ಪೇಟೆ ಬಂದ್ ಆಗಿತ್ತು. ಏನಾದರೂ ಆದರೆ ನೀವೇ ಜವಾಬ್ದಾರರು ಎಂದು ಪ್ರಿನ್ಸಿಪಾಲರು ಸಹಿ ಬೇರೆ ಹಾಕಿಸಿಕೊಂಡಿದ್ದರು. (ಹಾಕುವಾಗ ಜಂಬದಿಂದಲೇ ಹಾಕಿದ್ದೆ.)

ಇಲ್ಲದಿದ್ದವಳು ಮಾಲತಿ. (ಅಂಕಣಕ್ಕಾಗಿ ಹೆಸರು ಬದಲಿಸಿದ್ದೇನೆ.) ಏಕಸಂಬಿಯ ಹುಡುಗಿ, ಮಾತು ಕಡಿಮೆ. ಬೀಡಿ ಕಟ್ಟುವವರ ಓಣಿಗೆ ಹೋಗುವಾಗ ಜೊತೆಗಿದ್ದಳು, ಬರುವಾಗ ಇಲ್ಲ. ಟ್ರಂಕ್ ಕಾಲ್ ಮಾಡಿ ಅವಳಪ್ಪನಿಗೆ ಏನು ಹೇಳಲಿ? ಪೊಲೀಸರ ಹತ್ತಿರ ಹೋಗಲೇ? ಬಾಗಿಲು ತೆಗೆಯಬೇಡ ಎಂದು ಡ್ರೈವರನಿಗೆ ಹೇಳಿ ಓಡಿದೆ.

ಓಣಿಯ ತುದಿಯ ಮನೆಯಲ್ಲಿ ಮುದುಕಿಯೊಬ್ಬಳು ಬೀಡಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಮಾಲತಿ! ಬೀಡಿ ಎಣಿಸಿ ಕಟ್ಟು ಮಾಡುತ್ತಿದ್ದಳು, ಮರಾಠಿಯಲ್ಲಿ, ಗಟ್ಟಿಯಾಗಿ. ನನ್ನನ್ನು ಕಂಡದ್ದೇ ತುಟಿ ಮುಚ್ಚಿದಳು.

ಬೈಯಲು ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು.

“ನಮ್ಮಜ್ಜಿ ರೀ ಸರ್. ಎಲ್ಲಾರೂ ವಹಿ ಪೆನ್ನು ಹಿಡಕೊಂಡು ಪ್ರಶ್ನೆ ಕೇಳಾಕ ಬರ್ತಾರ, ಕದಾ ಹಾಕ್ಕೋ ಅಂತ ಹೇಳಾಕ ಬಂದಿದ್ನಿರಿ.”

ಅಜ್ಜಿ ಕೇಳಿರಲಿಲ್ಲ. ಕದ ಹಾರುಹೊಡೆದಿತ್ತು. ಮದುವೆಯಾಗಿ ಮಹಾರಾಷ್ಟ್ರದ ಗಡಹಿಂಗ್ಲಜ ಕಡೆಯಿಂದ ಬಂದವಳಂತೆ. ನನಗೂ ಚಹಾ ಕೊಟ್ಟಳು.

ಬಸ್ಸಿನತ್ತ ಬರುವಾಗ ಮಾಲತಿ ಮೆಲ್ಲಗೆ ಅಂದಳು: “ಸಣ್ಣಾಕಿದ್ದಾಗ ಇಲ್ಲೇ ಇದ್ದು ಮರಾಠಿ ಸಾಲ್ಯಾಗ ಕಲ್ತೀನ್ರಿ. ಲೆಕ್ಕ ಅದರಾಗ ಬರತೈತಿ. ಕ್ಲಾಸಿನ್ಯಾಗ ತುಟಿ ಮುಚ್ಚಿ ಎಣಸ್ತೀನಿ.” ಬೆಂಚಿನವರಿಗೆ ಗೊತ್ತಾದರೆ ನೀನು ಇಲ್ಲಿಯವಳಲ್ಲ ಎಂದಾರು ಎಂಬ ಭಯ ಅವಳಿಗೆ.

ಗಡಿ ಸಂಸ್ಕೃತಿಯ ಬಗ್ಗೆ ಎರಡು ತಾಸು ಭಾಷಣ ಬಿಗಿದವನು ನಾನು. ನನ್ನ ಕ್ಲಾಸಿನಲ್ಲೇ ಒಬ್ಬಳು ಹೀಗೆ ಹೆದರಿ ಕೂತದ್ದು ಕಾಣಲಿಲ್ಲವೇ? ನಾಚಿಕೆಯಾಯಿತು.

ಅವಳನ್ನು ಹತ್ತಿಸಿ ಮತ್ತೆ ತಲೆ ಎಣಿಸಿದೆ. ಕೊನೆಯ ತಲೆಗೆ ಬಂದಾಗ ಉಸಿರು ಬಿಟ್ಟು ಜೋರಾಗಿಯೇ ಅಂದೆ: “ಬಾವೀಸ್.”

ಇಪ್ಪತ್ತೆರಡು ಎನ್ನಬೇಕಿತ್ತು.

ಮುಂದಿನ ಸೀಟಿನಲ್ಲಿದ್ದ ಮಾಲತಿ ನನಗಷ್ಟೇ ಕೇಳುವಂತೆ ಕೇಳಿದಳು: “ಸರ್, ನೀವೂ ಮರಾಠಿ ಸಾಲಿಯವರೇನ್ರಿ?”

ಕನ್ನಡದ ಮೇಷ್ಟ್ರು ನಾನು. ಹನ್ನೆರಡು ವರ್ಷ ಸ್ಟಾಫ್ ರೂಮಿನಲ್ಲಿ ಮುಚ್ಚಿಟ್ಟ ಸಂಗತಿ. ಕೇಳಿಸಲಿಲ್ಲ ಎಂಬಂತೆ ಕಿಟಕಿಯಾಚೆ ನೋಡಿದೆ. ಚಿಕ್ಕೋಡಿ ಬರುವವರೆಗೂ ನೋಡಿದೆ.

ಈ ಅಂಕಣವನ್ನು ಅವಳು ತಪ್ಪದೆ ಓದುತ್ತಾಳೆ.

ಹೌದು ಮಾಲತಿ, ಮರಾಠಿ ಸಾಲಿಯೇ, ನಾಲ್ಕನೇ ಇಯತ್ತೆಯವರೆಗೆ.