ಭಜನೆ ಹೊತ್ತಿಗೆ ಕಟ್ಟಾಗುವ ಟ್ಯಾಬ್ಲೆಟ್

ನನ್ನ ಟ್ಯಾಬ್ಲೆಟ್ಟಿನ ಪರದೆ ಕೆಟ್ಟದ್ದರಿಂದ ನನಗೆ ಆದ ಉಪಕಾರವನ್ನು ಕಂಪನಿಯವರಿಗೆ ಈವರೆಗೆ ಹೇಳಿಲ್ಲ. ಹೇಳಲು ನಾಚಿಕೆ. ನಿಮ್ಮ ಹತ್ತಿರ ಹೇಳಬಹುದು. ನೀವು ನನ್ನ ಅಕ್ಕನ ಕಿವಿಗೆ ಹಾಕುವವರಲ್ಲ.

ದೀಪಾವಳಿ ಸೇಲಿನಲ್ಲಿ ತರಿಸಿದ್ದು. ಮೊದಲ ವಾರ ಒಳ್ಳೆ ಮದುಮಗಳ ಹಾಗೆ ಹೇಳಿದ ಮಾತು ಕೇಳಿಕೊಂಡಿತ್ತು. ಆಮೇಲೆ ಶುರುವಾಯಿತು ಅದರ ಅವತಾರ. ಬಲಗಡೆಯ ಅಂಚನ್ನು ಎಷ್ಟು ಒತ್ತಿದರೂ ಕ್ಯಾರೇ ಇಲ್ಲ. ಸುಮ್ಮನೆ ಮೇಜಿನ ಮೇಲಿಟ್ಟರೆ, ಯಾರೋ ಮುಟ್ಟಿದ ಹಾಗೆ ತಾನೇ ಏನೇನೋ ತೆರೆಯುತ್ತದೆ, ಮುಚ್ಚುತ್ತದೆ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರದೋ ಅಜ್ಜ ತೀರಿಹೋದ ಸುದ್ದಿ ಬಂದರೆ ನನ್ನ ಹೆಸರಿನಲ್ಲಿ ಚಪ್ಪಾಳೆ ತಟ್ಟಿಬಿಟ್ಟಿತು. ಊರಿನಲ್ಲಿ ನಮ್ಮಜ್ಜಿ ಮಡಿ ಉಟ್ಟಾಗ ಮುಟ್ಟಿದರೆ ರಂಪವಾಗುತ್ತಿತ್ತು, ನಿಜ. ಆದರೆ ಮುಟ್ಟದಿದ್ದರೆ ಸುಮ್ಮನಿರುತ್ತಿದ್ದರು. ಇದಕ್ಕೆ ಅಷ್ಟೂ ನ್ಯಾಯ ಇಲ್ಲ.

ನಮ್ಮ ಕಡೆ ಹಲಸಿನ ಹಪ್ಪಳ ಮಾಡುವವರು ಕೂಡ ಒಂದನ್ನು ಕೆಂಡದ ಮೇಲೆ ಸುಟ್ಟು, ಬಾಯಿಗೆ ಹಾಕಿ ನೋಡಿಯೇ ಉಳಿದದ್ದನ್ನು ಕಟ್ಟಿಡುತ್ತಾರೆ. ಇಷ್ಟು ದೊಡ್ಡ ಕಂಪನಿಯಲ್ಲಿ, ಡಬ್ಬಿಗೆ ತುಂಬುವ ಮೊದಲು ಬೆರಳಿಟ್ಟು ನೋಡುವವರು ಒಬ್ಬರೂ ಇಲ್ಲವೇ? ಕಸ್ಟಮರ್ ಕೇರಿನವರಿಗೆ ಇದನ್ನೇ ನನ್ನ ಡೊಂಬಿವಿಲಿ ಹಿಂದಿಯಲ್ಲಿ ಕೇಳಿದೆ. ಆಫ್ ಮಾಡಿ ಆನ್ ಮಾಡಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಎಂದರು. ಒರೆಸಿ ಒರೆಸಿ ನನ್ನ ಹಳೆಯ ರವಿಕೆಯೊಂದು ಸವೆಯಿತು. ಠಾಣೆಯ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದರೆ, ಡಾಕ್ಟರ ಮುಂದೆ ಜ್ವರ ಬಿಡುವ ಮಗುವಿನ ಹಾಗೆ ಅಲ್ಲಿ ಎಲ್ಲ ಸರಿ. ಮನೆಗೆ ಬಂದರೆ ಮತ್ತದೇ ರಾಗ.

ಈಗ ಅಕ್ಕನ ವಿಷಯ. ನಾನೂ ಅಕ್ಕನೂ ಡೊಂಬಿವಿಲಿಯಲ್ಲಿ ಒಂದೇ ಬಿಲ್ಡಿಂಗಿನಲ್ಲಿದ್ದೆವು. ಶುಕ್ರವಾರ ಸಂಜೆ ದೀಪ ಹಚ್ಚಿ, ನಮ್ಮ ಉಡುಪಿ ಕಡೆಯ ಹೆಂಗಸರೆಲ್ಲ ಅವಳ ಮನೆಯಲ್ಲಿ ಭಜನೆಗೆ ಕೂರುತ್ತಿದ್ದೆವು. ಅಕ್ಕ ಒಂದು ಸಾಲು ಹೇಳಿಕೊಡುವುದು, ಉಳಿದವರು ಹಿಂದೆ ಹೇಳುವುದು. ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು, ಹಳೆಯದನ್ನು ಕೆಡವಿ ಹೊಸದು ಕಟ್ಟಲು. ಹೆಂಗಸರು ದಿಕ್ಕಿಗೊಬ್ಬರಾದರು, ಅಕ್ಕ ಕಲ್ಯಾಣಕ್ಕೆ ಹೋದಳು, ನಾನು ಡೊಂಬಿವಿಲಿಯಲ್ಲೇ ಬೇರೆ ಮನೆಗೆ. ಹಿಂದೆ ಹೇಳುವವಳು ಅಂತ ಉಳಿದದ್ದು ನಾನೊಬ್ಬಳೇ, ಅದೂ ಈ ಟ್ಯಾಬ್ಲೆಟ್ಟಿನ ವಿಡಿಯೋ ಕಾಲಿನಲ್ಲಿ. ಗುಂಪಿನಲ್ಲಿ ಅಕ್ಕನ ಅಪಸ್ವರ ಮುಚ್ಚಿಹೋಗುತ್ತಿತ್ತು. ಈಗ ಅದು ನೇರ ನನ್ನ ಮೇಲೆ ಬಂದು ಬೀಳುತ್ತದೆ. ಶುಕ್ರವಾರಕ್ಕೊಮ್ಮೆ ಇದ್ದದ್ದು ದಿನಾ ಸಂಜೆಯಾಯಿತು, ಸರಿಯಾಗಿ ನನ್ನ ಸೀರಿಯಲ್ಲಿನ ಹೊತ್ತಿಗೆ.

ಒಂದು ಸಂಜೆ ಅವಳು ಹಾಡುತ್ತಿದ್ದಾಗ ಟ್ಯಾಬ್ಲೆಟ್ ತಾನಾಗಿಯೇ ಕಾಲ್ ಕಟ್ ಮಾಡಿತು. ಸತ್ಯವಾಗಿ, ಆ ಸಲ ಅದೇ ಮಾಡಿದ್ದು. ಮರುದಿನ ನಾನು ಮಾಡಿದೆ. ಅದರ ಮರುದಿನವೂ. "ಇದ್ದೀಯಾ?" ಎಂದು ಅಕ್ಕ ಅರ್ಧ ಸಾಲಿನಲ್ಲಿ ನಿಲ್ಲಿಸಿ ಕೇಳುವಾಗಲೇ ನನ್ನ ಬೆರಳು ಕೆಂಪು ಗುಂಡಿಯ ಮೇಲಿರುತ್ತಿತ್ತು. ಬೆಳಗ್ಗೆ ಅದರಲ್ಲೇ ಕರೆ ಮಾಡಿ, ಹಾಳಾದ ಸ್ಕ್ರೀನ್ ಅಕ್ಕ, ಏನು ಮಾಡುವುದು ಎಂದು ಕಂಪನಿಗೆ ಇನ್ನಷ್ಟು ಶಾಪ ಹಾಕುತ್ತಿದ್ದೆ.

ಅಕ್ಕ ನನ್ನ ಹಾಗಲ್ಲ. ತಂಗಿಗೆ ಮೋಸವಾಗಿದೆ ಎಂದರೆ ಸುಮ್ಮನೆ ಕೂರುವವಳಲ್ಲ. ಮಂಡಿನೋವು ಕಟ್ಟಿಕೊಂಡು ಕಲ್ಯಾಣದಲ್ಲಿ ಸ್ಲೋ ಲೋಕಲ್ ರೈಲು ಹತ್ತಿದಳು, ಡೊಂಬಿವಿಲಿಯಲ್ಲಿ ನನ್ನನ್ನು ಲೇಡೀಸ್ ಡಬ್ಬಕ್ಕೆ ಎಳೆದುಕೊಂಡಳು. ಮುಂಬ್ರಾ ದಾಟುವವರೆಗೂ ಕಂಪನಿಯವರಿಗೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿದಳು. ನಾನು ಬಿಲ್ಲು ಹುಡುಕುವ ನೆಪದಲ್ಲಿ ಚೀಲದೊಳಗೆ ತಲೆ ಹಾಕಿದೆ.

ಠಾಣೆಯ ಸರ್ವಿಸ್ ಸೆಂಟರಿನಲ್ಲಿ ಕೌಂಟರಿನ ಹುಡುಗಿ ಯಾವಾಗ ಕಟ್ಟಾಗುತ್ತದೆ ಎಂದು ಕೇಳಿದಳು. ಅಕ್ಕ ಸಾಕ್ಷಿ ಹೇಳಿದಳು: ಬೆಳಗ್ಗೆ ಎಷ್ಟು ಹೊತ್ತು ಮಾತಾಡಿದರೂ ಏನೂ ಆಗುವುದಿಲ್ಲ, ಸಂಜೆ ನಾನು ಭಜನೆ ಶುರು ಮಾಡಿದೆ ಅನ್ನುವಾಗ ಕಟ್ಟಾಗುತ್ತದೆ. ಹಾಡುವಾಗ ಮಾತ್ರವೇ ಎಂದು ಹುಡುಗಿ ಕೇಳಿದಳು. ಹೌದು ಎನ್ನಲು ಬಾಯಿ ತೆರೆದ ಅಕ್ಕ ಹಾಗೇ ನಿಂತಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

"ಹಾಗೇನಿಲ್ಲ, ಯಾವಾಗಲೂ ಆಗ್ತದೆ. ಯಾವಾಗಲೂ ಅಂತ ಬರಿಯಮ್ಮ," ಎಂದಳು.

ಆ ದಿನ ಟ್ಯಾಬ್ಲೆಟ್ಟಿಗೆ ಮಾತ್ರ ಸುಳ್ಳು ಹೇಳುವ ಮನಸ್ಸಾಗಲಿಲ್ಲವೋ ಏನೋ, ಹುಡುಗಿಯ ಕಣ್ಣೆದುರೇ ತಾನಾಗಿ ಕುಣಿಯಿತು. ಇದೇ ಮಾಡೆಲಿನವು ಬೇರೆಯೂ ಬಂದಿವೆ, ಪರದೆ ಬದಲಾಯಿಸಿ ಕೊಡುತ್ತೇವೆ ಎಂದರು. ನಾವು ಗೆದ್ದೆವು. ವಾಪಸು ಬರುವಾಗ ಅಕ್ಕ ಬಸಳೆ ಸೊಪ್ಪು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಮಾತಾಡಿದಳು. ನಾನು ಹೂಂಗುಟ್ಟಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಲೋಕಲಿನಲ್ಲಿ ಆ ಸೌಕರ್ಯ ಇಲ್ಲ.

ಈಗ ಪರದೆ ಮುಟ್ಟಿದರೆ ಸಾಕು, ಬೆರಳು ಊರುವ ಮೊದಲೇ ಓಗೊಡುತ್ತದೆ. ಸಂಜೆ ಮಾತ್ರ ಯಾರೂ ಕರೆಯುವುದಿಲ್ಲ. ಸೀರಿಯಲ್ ಹಾಕಿಕೊಂಡು ಟ್ಯಾಬ್ಲೆಟ್ಟನ್ನೇ ನೋಡುತ್ತ ಕೂರುತ್ತಿದ್ದೆ. ಕೊನೆಗೆ ನಾನೇ ಕರೆದೆ. ಯಾಕೆ ಅಕ್ಕ, ಭಜನೆ ಇಲ್ಲವಾ ಎಂದು ಕೇಳಿದೆ.

"ನನ್ನ ಫೋನಿಗೂ ನಿನ್ನದರ ಕಾಯಿಲೆ ತಾಗಿದೆ ಮಾರಾಯ್ತಿ. ಸಂಜೆ ಹೊತ್ತಿಗೆ ಕೆಲಸ ಮಾಡುವುದಿಲ್ಲ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾದದ್ದು.

ಶುಕ್ರವಾರ ಕಲ್ಯಾಣಕ್ಕೆ ಹೋದೆ. ಟ್ಯಾಬ್ಲೆಟ್ ಮನೆಯಲ್ಲೇ ಬಿಟ್ಟೆ. ತಪ್ಪಾಯಿತು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಅವಳ ಬಾಗಿಲಲ್ಲಿ ಮರೆತುಹೋಯಿತು. ದೀಪ ಹಚ್ಚಿದ್ದಳು. ಚಾಪೆ ಹಾಸಿ ಕೂತು, ಹೇಳಿಕೊಡು ಅಕ್ಕ ಎಂದೆ. ದೀಪದ ಬತ್ತಿ ಸರಿಮಾಡಿ ಒಂದು ಸಾಲು ಎತ್ತಿಕೊಂಡಳು. ನಾನು ಹಿಂದೆ ಹೇಳಿದೆ. ಎರಡನೆಯ ಸಾಲಿನ ಅರ್ಧಕ್ಕೆ ನಿಲ್ಲಿಸಿದಳು. ಅಭ್ಯಾಸಬಲವೋ, ಬೇಕೆಂದೇ ಕೇಳಿದ್ದೋ, ನಾನಿನ್ನೂ ವಿಚಾರಿಸಿಲ್ಲ.

"ಇದ್ದೀಯಾ?"

"ಇದ್ದೇನೆ ಅಕ್ಕ."

ಸಾಲಿನ ಉಳಿದರ್ಧ ಹಾಡಿದಳು. ಸ್ವರವೇನೂ ಸುಧಾರಿಸಿರಲಿಲ್ಲ.